ಟ್ಯಾಕೋ ಬಯಕಿ ಬೆನ್ನು ಹತ್ತಿ

ಮಂದಿ ಮನ್ಯಾಗ ಒಂದು ಕೆಲಸ ಅಂದ್ರ ಶುರು ಆಗ್ತೈತಿ, ಮುಗೀತೈತಿ. ನಮ್ಮ ಮನ್ಯಾಗ ಹಂಗಲ್ಲ. ಒಂದು ಲಿಂಬಿಹಣ್ಣು ತರಾಕ ಹೋದ್ರೂ ಹಾದ್ಯಾಗ ಏನಾರ ಒಂದು ನಡದ ನಡೀತೈತಿ, ಓಣಿ ಮಂದಿಗೆ ವಾರಗಟ್ಲೆ ನಗಾಕ ಸಾಮಾನು ಸಿಗತೈತಿ. ನಾ ಏನೂ ಮಾಡಂಗಿಲ್ರಿ, ತಾವ ಆಗ್ತಾವ. ನಮ್ಮಾಕಿನ್ನ ಕೇಳಿದ್ರ ಬ್ಯಾರೇನ ಹೇಳ್ತಾಳ. ಆಕಿನ್ನ ಕೇಳಬ್ಯಾಡ್ರಿ.

ನಂದು ಬನಹಟ್ಟ್ಯಾಗ ಸೀರಿ ವ್ಯಾಪಾರ. ಮಗ್ಗದವರ ಕಡಿಂದ ಸೀರಿ ತಗೊಂಡು, ಗಾಡಿ ಹಿಂದ ಗಂಟು ಕಟ್ಟಿ, ಜಮಖಂಡಿ, ಮುಧೋಳ, ಬೀಳಗಿ ಅಂಗಡಿಗೋಳಿಗೆ ಹಾಕಿ ಬರೂದು. ಸಿಟ್ಟು ಸ್ವಲ್ಪ ಮೂಗಿನ ತುದ್ಯಾಗ, ಮಾತು ಸ್ವಲ್ಪ ದೊಡ್ಡದು. ಇವೆರಡು ಬಿಟ್ರ ಛಲೋ ಮನಷ್ಯಾನ ಅದೇನಿ. ಈಗ ಹೇಳೂದು, ಬೆಳಗಾವಿಗೆ ಕೊಟ್ಟ ನನ್ನ ಮಗಳು ಚೊಚ್ಚಲ ಹೆರಿಗಿಗೆ ತವರಿಗೆ ಬಂದಾಗಿನ ಸುದ್ದಿ.

ಫೋನಿನ್ಯಾಗಿನ ಊಟ

ಬಸರಿ ಹೆಣ್ಣಮಗಳು ತವರಿಗೆ ಬಂದ್ರ ಓಣಿ ಹೆಂಗಸರು ಮೊದಲ ಕೇಳೂ ಮಾತು ಒಂದ: "ಏನ್ ತಿನ್ನಬೇಕು ಅನಸಾಕತ್ತೈತವಾ?" ಒಬ್ಬಾಕಿ ಹುಣಸಿಕಾಯಿ ಅಂತಾಳ, ಒಬ್ಬಾಕಿ ಮಾವಿನಕಾಯಿ ಅಂತಾಳ. ನಮ್ಮಾಕಿ ತನ್ನ ಕಾಲಕ್ಕ ಕುಂಬಾರ ಮನಿ ಹಸಿ ಮಣ್ಣು ಬೇಕು ಅಂದಿದ್ಲು, ಅದನ್ನೂ ತಂದ ಕೊಟ್ಟಿದ್ದೆ. ನನ್ನ ಮಗಳು ಮಾತ್ರ ಫೋನ್ ತಗದು ಒಂದು ಫೋಟೋ ತೋರ್ಸಿ, "ಅಪ್ಪಾ, ನನಗ ಟ್ಯಾಕೋ ಬೇಕು" ಅಂದ್ಲು.

ನೋಡಿದೆ. ಅಂಗೈಯಷ್ಟ ಅಗಲದ್ದು, ಕರುಂ ಕರುಂ ಅನ್ನೂವಂಥಾದ್ದು, ನಡಕ್ಕ ಮಡಚಿದ್ದು. ಒಳಗ ಕಾಳು, ಟೊಮ್ಯಾಟೊ, ಹಸರ ಸೊಪ್ಪು. ಮ್ಯಾಲ ಬಿಳೇದು ಏನೋ ಸುರದಿದ್ರು. ಮೆಕ್ಸಿಕೋ ದೇಶದ್ದಂತ. ಬೆಳಗಾವ್ಯಾಗ ಆಕಿ ಮನಿ ಹತ್ರ ದಿನಾ ಸಂಜಿಕ ಒಂದು ಕೈಗಾಡಿ ಬರ್ತೈತಂತ, ಗಂಡ ಹೇಂತಿ ಇಬ್ಬರೂ ಹೋಗಿ ನಿಂತ್ಕೊಂಡ ತಿಂತಿದ್ರಂತ.

ಅದ ಹೊತ್ತಿನ್ಯಾಗ ಬೀಗ್ತಿಯವರ ಫೋನ್ ಬರಬೇಕ? ಮಗಳ ಅತ್ತಿ, ಮಾತು ಭಾಳ ನಯಾ, ಖರೆ ಒಳಗ ಸೂಜಿ ಇರ್ತೈತಿ. ಸುದ್ದಿ ಕೇಳಿದವರ, "ಅಯ್ಯ, ಅದು ನಿಮ್ಮ ಕಡೆ ಎಲ್ಲಿ ಸಿಗಬೇಕ್ರೀ ಬೀಗರ? ನಮ್ಮ ಬೆಳಗಾವ್ಯಾಗ ಎಲ್ಲಾ ಸಿಗತೈತಿ. ಇಲ್ಲೇ ಇದ್ದಿದ್ರ ಪಾಪ, ಕೂಸಿಗೆ ಅನಕೂಲ ಆಗತಿತ್ತು" ಅಂದ್ರು.

ನನಗ ಮೈಯೆಲ್ಲಾ ಉರೀತು. "ಬೀಗ್ತಿಯವರ, ನಮ್ಮ ಕಡೆ ಸಿಗದ ವಸ್ತು ಇನ್ನಾ ಹುಟ್ಟಿಲ್ಲ. ಕುಬಸ ಆಗೂದರಾಗ ಮಗಳ ಬಯಕಿ ತೀರಸ್ತೀನಿ. ತೀರಸಲಿಲ್ಲಂದ್ರ ಕುಬಸದ ದಿನಾ ಎಲ್ಲಾರ ಮುಂದ ನೀವ ನನ್ನ ಕೇಳ್ರಿ" ಅಂದಬಿಟ್ಟೆ.

ಕುಬಸ ಅಂದ್ರ ಬಸರಿಗೆ ಹಸರ ಸೀರಿ ಉಡಿಸಿ, ಉಡಿ ತುಂಬಿ, ಬೇಕಾದ್ದು ತಿನಿಸಿ ಕಳೆ ನೋಡೂ ದಿನಾ. ಅವತ್ತ ಬೀಗರ ಮಂದಿ ಗಾಡಿ ತುಂಬ ಬರ್ತಾರ. ಅವರ ಮುಂದ ತವರಿನವರ ಮಾನಾ ಹೋತು ಅಂದ್ರ ಮುಂದ ಹುಟ್ಟೂ ಮೊಮ್ಮಗನ ಮದಿವಿತನಾ ಆಡಕೋತಾರ.

ನಮ್ಮವ್ವಗ ಮಾನದ ಚಿಂತಿ ಇರಲಿಲ್ಲ, ಕೂಸಿನ ಚಿಂತಿ. "ಬಸರಿ ಬಯಕಿ ಉಳಕೊಂಡ್ರ ಹುಟ್ಟೂ ಕೂಸಿನ ಕಿವಿ ಸೋರ್ತಾವೋ ತಮ್ಮಾ" ಅಂದ್ಲು.

"ಅದೆಲ್ಲಾ ಸುಳ್ಳ ಬೇ ಯವ್ವಾ."

"ಸುಳ್ಳಂತ, ಸುಳ್ಳು! ನೀ ಹೊಟ್ಟ್ಯಾಗ ಇದ್ದಾಗ ನನಗ ಪೇಡೇದ ಬಯಕಿ ಆಗಿತ್ತು, ನಿಮ್ಮಜ್ಜ ತಂದ ಕೊಡಲಿಲ್ಲ. ಅದಕ್ಕ ನೋಡ, ಇವತ್ತಿನತನಾ ನಿನಗ ಹೇಂತಿ ಹೇಳಿದ್ದು ಒಂದೂ ಕೇಳಸಂಗಿಲ್ಲ."

ಅಡಗಿಮನ್ಯಾಗಿಂದ ನಮ್ಮಾಕಿ, "ಹೌದ್ರಿ ಅತ್ತಿ, ನನಗೂ ಮೊದಲಿಂದ ಸಂಶೇ ಇತ್ತು" ಅಂದ್ಲು.

ಜಮಖಂಡ್ಯಾಗ ಎಲ್ಲಾ ಮೆಕ್ಸಿಕನ್

ಮರುದಿನಾನ ಜಮಖಂಡಿಗೆ ಹೋದೆ. ಸೀರಿ ಅಂಗಡಿ ಸಾವ್ಕಾರ, "ಹೊಸಾದೊಂದು ಕೆಫೆ ಆಗೇತಿ, ಕಾಲೇಜ್ ಹುಡುಗ್ರು ಅಲ್ಲೇ ಬಿದ್ದಿರ್ತಾರ, ಅಲ್ಲೆ ನೋಡ್ರಿ" ಅಂದ್ರು. ಹೋದೆ. ಬಾಗಲದಾಗ ಬಣ್ಣಬಣ್ಣದ ದೀಪ, ಒಳಗ ಗ್ವಾಡಿ ಮ್ಯಾಲ ದೊಡ್ಡ ಟೊಪಗಿ ಹಾಕ್ಕೊಂಡ ಮೀಸಿ ಮನಷ್ಯಾನ ಚಿತ್ರ. ಸರಿಯಾದ ಜಾಗಾಕ್ಕ ಬಂದೇನಿ ಅಂತ ಎದಿ ಉಬ್ಬಿತು. ಆಗಲೇ ಬೀಗ್ತಿಯವರಿಗೆ ಏನ್ ಹೇಳಬೇಕು ಅನ್ನೂದನ್ನೂ ಮನಸ್ಸಿನ್ಯಾಗ ಜೋಡಿಸಿಕೊಂಡೆ.

ಕೆಫೆ ಮಾಲಕ ಮೂವತ್ತರ ಆಸುಪಾಸಿನವ, ಭಾಳ ಹುರುಪಿನವ. "ಮೆಕ್ಸಿಕನ್ ಐತೇನ್ರಿ?" ಅಂದೆ.

"ಮೆಕ್ಸಿಕನ್ ಬಿಟ್ರ ನಮ್ಮಲ್ಲಿ ಬ್ಯಾರೆ ಏನೂ ಇಲ್ರಿ ಅಂಕಲ್! ಮೆಕ್ಸಿಕನ್ ಗಿರಮಿಟ್ಟ ಐತಿ, ಮೆಕ್ಸಿಕನ್ ಮಿರ್ಚಿ ಐತಿ, ಮೆಕ್ಸಿಕನ್ ದ್ವಾಸಿ ಐತಿ."

"ಗಿರಮಿಟ್ಟ ಯಾವಾಗಿಂದ ಮೆಕ್ಸಿಕೋದ್ದು ಆತೋ?"

"ಹೋದ ತಿಂಗಳಿಂದ್ರಿ. ಮ್ಯಾಲ ಮೆಕ್ಕಿಜ್ವಾಳದ ಕಾಳು ಒಗದು, ಕೆಂಪ ಸಾಸು, ಬಿಳೇ ಸಾಸು ಹಾಕಿದ್ವಿ ಅಂದ್ರ ಆತು."

"ಹಂಗಾರ ಉಪ್ಪಿಟ್ಟು?"

"ಮೆಕ್ಸಿಕನ್ ಉಪ್ಪಿಟ್ಟು ಮುಂಜಾನೆ ಖಾಲಿ ಆತ್ರಿ. ನಾಳಿಗೆ ಲಗೂನ ಬರ್ರಿ."

ಟ್ಯಾಕೋ ಅಂದ್ರ ಆವಗ ಗೊತ್ತು, ಖರೆ ಮಾಡಾಕ ಬರಂಗಿಲ್ಲಂತ. ಬರದಿದ್ರೂ ಬಿಡಂಗಿಲ್ಲ, ಏನಾರ ಮೆಕ್ಸಿಕನ್ ತಿಂದ ಹೋಗ್ರಿ ಅಂತ ಕೈ ಹಿಡಕೊಂಡ. ಗಿರಮಿಟ್ಟ ಬಂತು. ಮಂಡಕ್ಕಿ ಮ್ಯಾಲ ಬಿಳೇ ಸಾಸು ಸುರದು ಸುರದು, ಮಂಡಕ್ಕಿ ಮೆತ್ತಗಾಗಿ ಮಕಾಡೆ ಮಲಗಿತ್ತು. ನಾಲ್ಕ ತುತ್ತಿಗೆ ನನಗ ಸಾಕಾತು. ಸಿಟ್ಟು ನೆತ್ತಿಗೇರಿತು. "ನನಗ ಯಾವ ದೇಶದ್ದೂ ಬ್ಯಾಡೋ ಮಾರಾಯಾ. ಒಂದು ಕಪ್ಪ ಚಾ ಕೊಡ, ಕುಡದು ನನ್ನ ದಾರಿ ನಾ ಹಿಡೀತೀನಿ" ಅಂದೆ.

ಆವ ಗದ್ದಕ್ಕ ಕೈ ಹಚ್ಚಿ ಸ್ವಲ್ಪ ಹೊತ್ತು ವಿಚಾರ ಮಾಡಿದ. "ಚಾ ಒಂದು ಇನ್ನೂ ಮೆಕ್ಸಿಕನ್ ಮಾಡಿಲ್ರಿ ಅಂಕಲ್. ಸಂಜಿಕ ಬರ್ರಿ, ನೋಡೂಣು."

ಮುಧೋಳದ ಖಾನಾವಳಿ

ಮುಧೋಳಕ್ಕ ಹೋದ ದಿನಾ ನನ್ನ ಗ್ರಹಚಾರ ಮನಿಂದನ ಶುರು ಆತು. ಸಮೀರವಾಡಿ ಸಕ್ಕರಿ ಕಾರಖಾನಿಗೆ ಹೊಂಟ ಕಬ್ಬಿನ ಟ್ರ್ಯಾಕ್ಟರ್ ಹಿಂದ ಸಿಕ್ಕೊಂಡು ತಾಸಗಟ್ಲೆ ತೆವಳಿದೆ. ಮುಧೋಳ ಮುಟ್ಟಿ ಕಿಸೆಕ್ಕ ಕೈ ಹಾಕಿದ್ರ ಫೋನ್ ಇಲ್ಲ, ಚಾರ್ಜಿಗೆ ಹಚ್ಚಿ ಮರತ ಬಂದಿದ್ದೆ. ಫೋಟೋ ಇಲ್ಲ ಅಂದ್ರ ಟ್ಯಾಕೋ ಹೆಂಗ ಹುಡುಕೂದು? ಬಾಯಿ ಐತಲ್ಲ ಅಂತ ಒಂದು ಖಾನಾವಳಿಗೆ ಹೊಕ್ಕೆ.

ಖಾನಾವಳಿ ನಡಸಾಕಿ ನನ್ನ ವಾರಗಿ ಹೆಣ್ಣಮಗಳು, ಗಲ್ಲಾದ ಮ್ಯಾಲ ಕುಂತಿದ್ಲು. "ಅಕ್ಕಾ, ಒಂದು ಪದಾರ್ಥ ಐತಿ, ಹೆಸರು ಹೇಳಿದ್ರ ನಿಮಗ ತಿಳೀಲಿಕ್ಕಿಲ್ಲ, ಹೆಂಗಿರತೈತಿ ಅಂತ ಹೇಳ್ತೀನಿ" ಅಂದೆ.

"ಹೇಳ್ರಿ ಯಣ್ಣಾ."

ಹೇಳಾಕ ಶುರು ಮಾಡಿದೆ. ನೋಡ್ರಿ, ಹುಟ್ಟಿದಾಗಿಂದ ಸೀರಿ ಮಾರಿದ ಬಾಯಿ ಇದು. ಯಾವ ವಸ್ತು ಕಂಡ್ರೂ ನನ್ನ ಬಾಯಾಗ ಹಂಗ ಬರ್ತೈತಿ, ನಾ ಏನ್ ಮಾಡ್ಲಿ? "ಮೈ ಎಲ್ಲಾ ಹಳದಿ ಅಕ್ಕಾ. ಹಳದಿ ಅಂದ್ರ ಅರಿಷಿಣದ ಹಳದಿ ಅಲ್ಲ, ಸ್ವಲ್ಪ ಬಂಗಾರದ ಕಳೆ ಇರೂ ಹಳದಿ. ಅಂಚಿನಗುಂಟ ಹಸರ. ಒಳಗ ಅಲ್ಲಲ್ಲೆ ಕೆಂಪ ಬುಟ್ಟಾ. ಮ್ಯಾಲ ತೆಳ್ಳಗ ಬಿಳಿ ಎಳಿ ಹಾದು ಹೋಗಿರ್ತಾವ. ನಡಕ್ಕ ಸರಿಯಾಗಿ ಒಂದು ಮಡಿಕಿ."

ಬಾಜೂ ಟೇಬಲ್ಲಿನ್ಯಾಗ ಊಟಕ್ಕ ಕುಂತಿದ್ದ ಹೆಂಗಸರು ಕೈ ತಡದು ಕೇಳಾಕತ್ತಿದ್ರು. ಒಬ್ಬಾಕಿ, "ಬುಟ್ಟಾ ದೊಡ್ಡೂನೋ ಸಣ್ಣೂನೋ?" ಅಂದ್ಲು.

"ಸಣ್ಣು. ಖರೆ ಒತ್ತೊತ್ತಾಗಿ ಇರ್ತಾವ."

"ಮೈಗೆ ಗಟ್ಟಿ ಇರತೈತೋ, ಮೆತ್ತಗೋ?"

"ಮೊದಲ ಗಟ್ಟಿ ಇರತೈತಿ ಅಕ್ಕಾ, ಸ್ವಲ್ಪ ಹೊತ್ತು ಬಿಟ್ರ ಮೆತ್ತಗಾಗತೈತಿ." ಮಗಳು ಹೇಳಿದ್ದನ್ನ ಹೇಳಿದೆ ನಾ, ಸುಳ್ಳ ಹೇಳಿಲ್ಲ.

"ನನ್ನ ಮಗಳು ಬಸರಿ ಅದಾಳ" ಅಂತ ಮುಂದ ಹೇಳಿದೆ. "ಅದ ಬೇಕಂತ ಹಟಾ ಹಿಡದಾಳ. ಕುಬಸದೊಳಗ ಕೊಡಸಲಿಲ್ಲಂದ್ರ ಬೀಗರ ಮುಂದ ನನ್ನ ಮಾನಾ ಹೋಗತೈತಿ." ಹೆಂಗಸರೆಲ್ಲಾ ಲೊಚಗುಟ್ಟಿದ್ರು. "ಅಯ್ಯ ಪಾಪ, ಚೊಚ್ಚಲ ಬಸರಿ, ಆಸಿ ಇರಂಗಿಲ್ಲೇನ್ರಿ?" ಅಂದ್ರು.

ಖಾನಾವಳಿ ಅಕ್ಕಾ ಗಲ್ಲಾ ಬಿಟ್ಟು ಎದ್ದ ಬಂದ್ಲು. "ಯಣ್ಣಾ, ನೀವು ತಪ್ಪ ಅಂಗಡಿಗೆ ಬಂದೀರಿ. ಅದು ತಿನ್ನೂ ಪದಾರ್ಥ ಅಲ್ರಿ, ಉಡೂ ಪದಾರ್ಥ" ಅಂದ್ಲು. ಆಮ್ಯಾಲ ನನ್ನ ಗಾಡಿ ಹಿಂದಿನ ಗಂಟು ನೋಡಿ, "ನಿಮಗ ಸಿಕ್ಕರ ನನಗೂ ಅಂಥಾವ ಎರಡು ತರ್ರಿ."

ಬಸ್ಸಿನ್ಯಾಗಿನ ಬುತ್ತಿ

ದಿನಾ ಹೋಗಾಕತ್ತಿದ್ವು. ಮಗಳು ಬಾಯಿ ಬಿಟ್ಟು ಏನೂ ಅನ್ನಂಗಿಲ್ಲ, ಖರೆ ಸಂಜಿ ಆತಂದ್ರ ಆ ಫೋಟೋ ತಗದ ನೋಡ್ಕೊಂತ ಕುಂದರತಿದ್ಲು. ಅದನ್ನ ನೋಡಿ ನಮ್ಮಾಕಿಗೆ ತಡೀಲಿಲ್ಲ. ನನಗ ಗೊತ್ತಿಲ್ದಂಗ ಅಳಿಯಾಗ ಫೋನ್ ಹಚ್ಚಿ, "ನಿಮ್ಮ ಅವ್ವಾರಿಗೆ ಹೇಳಬ್ಯಾಡ್ರಿ, ಗಪ್ಪನ ಬಸ್ಸಿನ್ಯಾಗ ಇಟ್ಟ ಕಳಸ್ರಿ" ಅಂತ ಹೇಳಿಬಿಟ್ಲು.

ಬಸ್ಸಿನ್ಯಾಗ ಬುತ್ತಿ ಕಳಸೂದು ನಮ್ಮ ಕಡೆ ಹೊಸಾದಲ್ಲ. ಚೀಲಾ ಕಂಡಕ್ಟರ್ ಕೈಯಾಗ ಕೊಟ್ಟು, ಬಸ್ ನಂಬರ್ ಫೋನ್ ಮಾಡಿ ಹೇಳಿದ್ರ ಆತು, ಆ ಕಡಿಯವರು ನಿಂತ ಇಸಗೋತಾರ. ಅಳಿಯಾ ಹಂಗ ಮಾಡಿದ. ಬಸ್ ಬಿಟ್ಟ ಮ್ಯಾಲ ನಮ್ಮಾಕಿ ನನಗ ಹೇಳಿದ್ಲು, ನಾ ಬನಹಟ್ಟಿ ಸ್ಟ್ಯಾಂಡಿನ್ಯಾಗ ನಿಂತ ಚೀಲಾ ಇಸಗೊಂಡೆ. ಬೀಗ್ತಿಯವರಿಗೆ ಎಲ್ಲಿಂದ ತಂದ್ವಿ ಅಂತ ಹೇಳೂ ಗರಜೇನೈತಿ ಅಂತ ನಾನೂ ಒಳಗೊಳಗ ಖುಷಿ ಆದೆ. ಮನಿಗೆ ಬಂದು ಡಬ್ಬಿ ತಗದ್ರ ಒಳಗ ಶೇಂಗಾ ಹೋಳಿಗಿ!

ಮಗಳ ಮಾರಿ ಸಣ್ಣದಾತು. ನಮ್ಮವ್ವ ಮಾತ್ರ ಎರಡು ಹೋಳಿಗಿ ತಿಂದು, "ಮೆಕ್ಸಿಕೋದವರು ಅಡಗಿ ಛಲೋ ಮಾಡ್ತಾರ ನೋಡ" ಅಂದ್ಲು.

ಚೀಲಾ ಅದಲಿ ಬದಲಿ ಆಗಿದ್ವು. ಅದ ಬಸ್ಸಿನ್ಯಾಗ ಜಮಖಂಡಿ ಮಾಸ್ತರೊಬ್ಬರಿಗೆ ಅವರ ಅವ್ವ ಬೆಳಗಾವಿಂದ ವಾರಾ ವಾರಾ ಬುತ್ತಿ ಕಳಸ್ತಿದ್ಲಂತ. ಕಂಡಕ್ಟರ್ ಕಡಿಂದ ಮಾಸ್ತರ ನಂಬರ್ ಸಿಗೂದರಾಗ ಎರಡು ದಿನಾ ಆತು. ಫೋನ್ ಹಚ್ಚಿದೆ. ಆ ಕಡಿಂದ ಅಳೂ ದನಿ. "ಈಗ ಮಾತಾಡೂ ಪರಿಸ್ಥಿತ್ಯಾಗ ಇಲ್ರಿ. ರಜಾ ಹಾಕಿ ಬೆಳಗಾವಿಗೆ ಬಂದೇನಿ. ನಮ್ಮವ್ವನ್ನ ದವಾಖಾನಿಗೆ ಕರಕೊಂಡ ಬಂದು ಕುಂತೇವಿ" ಅಂದ್ರು.

"ಅಯ್ಯ, ಏನಾತ್ರಿ ಸರ ಅವ್ವಾರಿಗೆ?"

"ಮರವು ಬಡದೈತ್ರಿ! ವಾರಾ ವಾರಾ ಶೇಂಗಾ ಹೋಳಿಗಿ ಕಳಸಾಕಿ, ಈ ಸಲ ಹೋಳಿಗ್ಯಾಗ ಬೆಲ್ಲಾ ಬಿಟ್ಟು ಅವರಿಕಾಳು, ಉಳ್ಳಾಗಡ್ಡಿ ತುಂಬ್ಯಾಳ. ಮ್ಯಾಲ ಮಸರು ಬ್ಯಾರೆ ಸುರದಾಳ! ಯಾಕ ಬೇ ಹಿಂಗ ಮಾಡೀ ಅಂದ್ರ ನಾ ಹಂಗ ಮಾಡೇ ಇಲ್ಲ ಅಂತಾಳ. ಮಾಡಿದ್ದೂ ನೆನಪಿಲ್ರೀ ಆಕಿಗೆ. ಅಕ್ಕಂದ್ರೆಲ್ಲಾ ಅಳಕೋತ ಬಂದಾರ."

ನಾ ತಲಿ ಮ್ಯಾಲ ಕೈ ಇಟ್ಕೊಂಡು, ನಮ್ಮ ಮಗಳ ಬಯಕಿಂದ ಹಿಡದು ಚೀಲದತನಾ ಎಲ್ಲಾ ಬಿಡಿಸಿ ಹೇಳಿದೆ. ಆ ಕಡೆ ಮುದುಕಿ ಫೋನ್ ಕಸಗೊಂಡ್ಲು. "ಹಂಗಾರ ನನ್ನ ಹೋಳಿಗಿ ತಿಂದವರು ನೀವೇನ್ರಿ? ಹೆಂಗಾಗಿದ್ದು ಹೇಳ್ರಿ. ಬೆಲ್ಲಾ ಸರಿ ಇತ್ತಿಲ್ಲೋ?"

"ಭಾಳ ಛಲೋ ಆಗಿದ್ದುವ್ರಿ ಅವ್ವಾರ. ಬೆಲ್ಲಾ ಸರಿಯಾಗಿತ್ತು."

"ಸ್ವಲ್ಪ ಜೋರಾಗಿ ಹೇಳ್ರಿ, ಡಾಕ್ಟರಿಗೂ ಕೇಳಲಿ."

ಬೀಳಗಿ ಅಡಗಿಯವ್ರು

ಕುಬಸ ಹತ್ರ ಬಂತು. ಮತ್ತ ಅಳಿಯಾಗ ಕೇಳಿದ್ರ ಬೀಗ್ತಿಯವರ ಕಿವಿಗೆ ಬೀಳತೈತಿ ಅಂತ ಅದನ್ನ ಬಿಟ್ವಿ. ಬೀಳಗ್ಯಾಗ ಮದಿವಿ ಅಡಗಿ ಮಾಡೂ ಒಬ್ಬರು ದೊಡ್ಡ ಅಡಗಿಯವರು ಅದಾರ, ಅವರಿಗೆ ಬರದ ಅಡಗಿ ಇಲ್ಲ ಅಂದ್ರು. ಹೋಗಿ ಕಾಲಿಗೆ ಬಿದ್ದಂಗ ಕೇಳಿದೆ, ಫೋಟೋ ತೋರ್ಸಿದೆ. ಅವರು ಕನ್ನಡಕ ಏರಿಸಿ ನೋಡಿದ್ರು. "ಇದೇನ್ರಿ, ಎಡಗೈಲೆ ಮಾಡ್ತೀನಿ. ಪುಣೇದಾಗ ಒಂದು ದೊಡ್ಡ ಮದಿವ್ಯಾಗ ಮಾಡೇನಿ" ಅಂದ್ರು.

ನನಗ ಕಣ್ಣಾಗ ನೀರ ಬಂದ್ವು. "ಯಪ್ಪಾ, ನಿಮ್ಮನ್ನ ದೇವರ ಕಳಸ್ಯಾನ. ಯಾವಾಗ ಮಾಡಿಕೊಡ್ತೀರಿ?"

"ಮಂದಿ ಎಷ್ಟ?"

"ಒಬ್ಬಾಕಿ."

"ಒಬ್ಬಾಕಿ ಅಂದ್ರ? ಒಬ್ಬಾಕಿ ಮದಿವೀನ? ಊಟಕ್ಕ ಮಂದಿ ಎಷ್ಟಂತ ಕೇಳಿದೆ."

"ಊಟಕ್ಕನ ಒಬ್ಬಾಕಿ. ನನ್ನ ಮಗಳು."

ಅಡಗಿಯವರ ಮಾರಿ ಇಳೀತು. "ಐನೂರು ಮಂದಿ ಅನ್ರಿ, ಸಾವಿರ ಮಂದಿ ಅನ್ರಿ, ಕಣ್ಣ ಮುಚ್ಚಿ ಮಾಡ್ತೀನಿ. ಒಬ್ಬಾಕಿಗೆ ಮಾಡಾಕ ನನಗ ಬರಂಗಿಲ್ರಿ. ಉಪ್ಪ ಎಷ್ಟ ಹಾಕಬೇಕು ತಿಳಿಯಂಗಿಲ್ಲ. ಕೈ ಹಾಕಿದ್ರ ಬೊಗಸಿ ತುಂಬ ಬರ್ತೈತಿ."

"ಸ್ವಲ್ಪ ಚಿಟಿಕಿ ಹಾಕಿ ನೋಡ್ರಲ್ಲ."

"ಚಿಟಿಕಿ ಹಾಕೂದು ಮನ್ಯಾಗ ನಮ್ಮಾಕಿ ಹಾಕ್ತಾಳ. ನಮ್ಮ ಮನ್ಯಾಗ ನನಗ ಅಡಗಿಮನಿ ಹೊಗಾಕ ಬಿಡಂಗಿಲ್ಲ."

ನಾ ಅವರನ್ನ ಬಿಡಲಿಲ್ಲ, ಕೈ ಮುಗದೆ, ಸಿಟ್ಟಿಗೆದ್ದೆ, ಮತ್ತ ಕೈ ಮುಗದೆ. ಅವರೂ ಪಾಪ ಮನಸ್ಸಿಗೆ ಹಚ್ಚಿಕೊಂಡು ವಿಚಾರ ಮಾಡಿದ್ರು. ಕಡಿಗೆ ಉಸರ ಬಿಟ್ಟು ಅಂದ್ರು, "ಒಂದು ಮಾತ ಹೇಳ್ಲ್ಯಾ? ಈ ಬಯಕಿ ಆಕಿ ಮದಿವ್ಯಾಗ ಆಗಿದ್ರ ಭಾಳ ಛಲೋ ಇತ್ತು ನೋಡ್ರಿ."

"ಯಪ್ಪಾ, ಮೆಲ್ಲಕ ಮಾತಾಡ್ರಿ" ಅಂದೆ, "ಬೀಗರು ಕೇಳ್ಯಾರು!"

ಕುಬಸ

ಕುಬಸದ ದಿನಾ ಬಂತು. ನನ್ನ ಕೈಯಾಗ ಟ್ಯಾಕೋ ಇಲ್ಲ. ಮುಂಜಾನೆ ಎದ್ದು ದೇವರ ಮುಂದ ನಿಂತು, "ಇವತ್ತೊಂದು ದಿನಾ ಬೀಗ್ತಿಯವರಿಗೆ ಗಂಟಲ ಕಟ್ಟಿಸಪಾ" ಅಂತ ಬೇಡಿಕೊಂಡೆ. ದೇವರಿಗೂ ಅದು ಆಗೂ ಕೆಲಸ ಅಲ್ಲ.

ಬೆಳಗಾವಿ ಗಾಡಿ ಬಂತು. ಬೀಗ್ತಿಯವರು ಇಳದ ಕೂಡಲೆ ಕೈಕಾಲಿಗೆ ನೀರ ತಗೊಳ್ಳೂಕಿಂತ ಮೊದಲ, "ಏನ್ ಬೀಗರ, ಸಿಕ್ಕಿತೇನ್ರಿ?" ಅಂದ್ರು. ನಾ ಕೇಳಸಲಾರದಂಗ ಮಾಡಿ ಕುರ್ಚಿ ಸರಿಸಾಕ ಹೋದೆ.

ಹಸರ ಸೀರಿ ಉಟ್ಟು, ಮುಡಿ ತುಂಬ ಹೂವಾ ಮುಡಕೊಂಡು ಮಗಳು ಮಣಿ ಮ್ಯಾಲ ಕುಂತಿದ್ಲು. ನೋಡಿದ್ರ ದೃಷ್ಟಿ ಆಗಬೇಕು, ಹಂಗಿದ್ಲು. ನಮ್ಮ ಕಡೆ ಕುಬಸಕ್ಕ ಬರೂ ಓಣಿ ಹೆಂಗಸರು ಬರಿಗೈಲೆ ಬರಂಗಿಲ್ಲ, ತಮ್ಮ ತಮ್ಮ ಮನ್ಯಾಗ ಮಾಡಿದ ಬುತ್ತಿ ತರ್ತಾರ. ಬಸರಿ ಎಲ್ಲಾರ ಬುತ್ತಿಗೂ ಬಾಯಿ ಮುಟ್ಟಸಬೇಕು. ಒಬ್ಬರದು ಬಿಟ್ರೂ ಅವರಿಗೆ ಬ್ಯಾಸರ ಆಗತೈತಿ.

ಮೊದಲ ಬಾಜೂಮನಿ ಕಾಕೂ ಬಂದ್ಲು. ಸೆರಗಿನ ಮರ್ಯಾಗ ಡಬ್ಬಿ ಇಟ್ಕೊಂಡು ನನ್ನ ಕಡೆ ನೋಡಿ ಕಣ್ಣ ಹೊಡದ್ಲು. "ನೀ ಊರೂರು ತಿರಗೂದು ನೋಡಿ ನನಗ ಕರಳು ಚುರುಕ್ ಅಂತೋ ತಮ್ಮಾ. ನಿನ್ನ ಹೇಂತಿ ಕಡಿಂದ ಫೋಟೋ ನೋಡಿಕೊಂಡು ನಾನ ಮಾಡೀನಿ. ಯಾರಿಗೂ ಹೇಳಿಲ್ಲ" ಅಂದು ಮುಚ್ಚಳಾ ತಗದ್ಲು. ಖಡಕ್ ರೊಟ್ಟಿ ನಡಕ್ಕ ಮುರದು, ನಡುವ ಮಡಕಿಕಾಳಿನ ಉಸಳಿ ತುಂಬಿ, ದಾರದಲೆ ಕಟ್ಟಿದ್ಲು. "ಟ್ಯಾಕೋ" ಅಂದ್ಲು.

ನನಗ ಕಾಕೂನ ಕಾಲಿಗೆ ಬೀಳಬೇಕು ಅನಸ್ತು. ಖರೇನ ಹೇಳ್ತೀನಿ, ಎದಿ ತುಂಬಿ ಬಂತು. ಬೀಗ್ತಿಯವರ ಕಡೆ ಒಮ್ಮೆ ಗತ್ತಿನಲೆ ನೋಡಿದೆ.

ಅಷ್ಟರಾಗ ಎದರಮನಿಯಾಕಿ ಬಂದ್ಲು. ಆಕೀನೂ ಸೆರಗಿನ ಮರ್ಯಾಗಿಂದ ಡಬ್ಬಿ ತಗದ್ಲು. "ಯಾರಿಗೂ ಹೇಳಿಲ್ರಿ ಮಾವಾರ, ಗಪ್ಪನ ಮಾಡೀನಿ." ಹಪ್ಪಳಾನ ಬಿಸಿ ಇದ್ದಾಗ ಲಟ್ಟಣಗಿ ಮ್ಯಾಲ ಬಗ್ಗಿಸಿ, ಒಳಗ ಕೆಂಪ ಖಾರಾ ಜಡದಿದ್ಲು. ಅದೂ ಟ್ಯಾಕೋ. ಆಕಿ ಹಿಂದ ಮಗ್ಗದವರ ಮನಿ ಸೊಸಿ, ಆಕಿ ಹಿಂದ ಆಕಿ ಅತ್ತಿ. ಅತ್ತಿ ಸೊಸಿ ಒಂದ ಮನ್ಯಾಗ ಇದ್ದು ಒಬ್ಬರಿಗೊಬ್ಬರು ಹೇಳದಂಗ ಬ್ಯಾರೆ ಬ್ಯಾರೆ ಮಾಡಿದ್ರು. ಓಣಿ ತುಂಬ ಪ್ರತಿಯೊಬ್ಬಾಕಿಗೂ ನನ್ನ ಮ್ಯಾಲ ಕರುಣಾ ಬಂದಿತ್ತು, ಪ್ರತಿಯೊಬ್ಬಾಕಿನೂ ಯಾರಿಗೂ ಹೇಳಿರಲಿಲ್ಲ. ಒಬ್ಬಾಕಿ ಶೇಂಗಾ ಚಟ್ನಿ ಟ್ಯಾಕೋ ತಂದ್ಲು, ಒಬ್ಬಾಕಿ ಹೂರಣದ ಟ್ಯಾಕೋ ತಂದ್ಲು. ಒಬ್ಬ ಅಜ್ಜಿ, "ನನಗ ಅದೆಲ್ಲಾ ತಿಳಿಯಂಗಿಲ್ಲವಾ, ಮಡಚಬೇಕು ಅಂದ್ರು, ಮಡಚೀನಿ" ಅಂತ ಗೋದಿ ಬೆಲ್ಲದ ಪುಡಿಪುಡಿ ಮಾದಲಿ ತುಂಬಿದ ಟ್ಯಾಕೋ ತಂದಿದ್ಲು. ಬಾಯಾಗ ಇಟ್ಟಕೂಡಲೆ ಮಾದಲಿ ಉದರಿ ಮಗಳ ಹಸರ ಸೀರಿ ಉಡಿ ತುಂಬಿತು.

ಮಗಳು ಪಾಪ, ಒಂದೊಂದಕ್ಕೂ ಬಾಯಿ ಮುಟ್ಟಿಸ್ಕೋತ ಹೋದ್ಲು. ಖಾರಾ, ಸಿಹಿ, ಮತ್ತ ಖಾರಾ, ಮತ್ತ ಸಿಹಿ. ಮಾರಿ ಕೆಂಪಾತು, ಕಣ್ಣಾಗ ನೀರ ಬಂದ್ವು. ಎಲ್ಲಾರೂ ಅದನ್ನ ಸಂತೋಷದ ನೀರ ಅಂತ ತಿಳಕೊಂಡ್ರು. ಅಂತೂ ಕಡೀ ಡಬ್ಬಿ ಮುಗೀತು.

ಬೀಗ್ತಿಯವರು ಎದ್ದ ನಿಂತ್ರು. ಸೊಸಿ ಗದ್ದಾ ಹಿಡದು, "ಖರೇ ಹೇಳವಾ. ಬಯಕಿ ತೀರ್ತು? ಇನ್ನ ಏನಾರ ತಿನ್ನಬೇಕು ಅನಸ್ತೈತೇನು? ನಾಚಕೋಬ್ಯಾಡ, ಎಲ್ಲಾರ ಮುಂದ ಹೇಳ" ಅಂದ್ರು.

ಮಗಳು ನನ್ನ ಕಡೆ ನೋಡಿದ್ಲು, ಅತ್ತಿ ಕಡೆ ನೋಡಿದ್ಲು. ಸಣ್ಣ ದನಿಲೆ ಅಂದ್ಲು, "ಅತ್ತಿ, ಒಂದ ಒಂದು ಬಿಸಿ ರೊಟ್ಟಿ. ಮ್ಯಾಲ ಬೆಣ್ಣಿ. ಮಡಚಬ್ಯಾಡ್ರಿ."

ನಾ ಜೋರಾಗಿ ನಕ್ಕಬಿಟ್ಟೆ! "ಇಷ್ಟ ಏನವಾ? ರೊಟ್ಟೀನ? ಒಂದಲ್ಲ, ಹೆಡಗಿ ತುಂಬ ತರಸ್ತೀನಿ. ಲೇ, ಲಗೂನ ಒಂದು ರೊಟ್ಟಿ ಬಡೀ" ಅಂತ ನಮ್ಮಾಕಿಗೆ ಕೂಗಿದೆ.

ನಮ್ಮಾಕಿ ಅಡಗಿಮನಿ ಬಾಗಲದಾಗ ನಿಂತು ಸನ್ನಿ ಮಾಡಾಕತ್ತಿದ್ಲು. ಹತ್ರ ಹೋದೆ. "ಜ್ವಾಳದ ಹಿಟ್ಟಿಲ್ರಿ" ಅಂದ್ಲು ಪಿಸುಮಾತಿಲೆ. "ನಿನ್ನಿ ಒಬ್ಬೊಬ್ಬರ ಬಂದು, ಗುಟ್ಟಿನ ಕೆಲಸ ಐತಿ ಒಂದ ಬಟ್ಟಲಾ ಕೊಡ, ಒಂದ ಬಟ್ಟಲಾ ಕೊಡ ಅಂತ ಎಲ್ಲಾ ಒಯ್ದ್ರು."

ಕಾಕೂನ ಕೇಳಿದೆ, ಆಕಿ ಮನ್ಯಾಗೂ ಖಾಲಿ. ಎದರಮನ್ಯಾಗ ಖಾಲಿ. ಜ್ವಾಳಾ ಬೀಸಸೂಣು ಅಂದ್ರ ಕರೆಂಟಿಲ್ಲ, ಗಿರಣಿ ಬಂದ್. ಗಾಡಿ ತಗೊಂಡು ನಮ್ಮೂರ ಖಾನಾವಳಿಗೆ ಓಡಿದೆ. ಖಾನಾವಳಿಯವ ಖಾಲಿ ಬುಟ್ಟಿ ತೋರ್ಸಿ, "ಮುಂಜಾನೇನ ನಿಮ್ಮ ಓಣಿ ಹೆಂಗಸರು ಬಂದು, ಯಾರಿಗೂ ಹೇಳಬ್ಯಾಡ ಅಂತ ಇದ್ದ ರೊಟ್ಟಿ ಎಲ್ಲಾ ಒಯ್ದ್ರಲ್ರೀ. ನಮ್ಮಲ್ಲೂ ಹಿಟ್ಟು ತೀರೇತಿ" ಅಂದ. ರಬಕವಿಗೆ ಓಡಿದೆ, ಅಲ್ಲಿ ಊಟದ ಹೊತ್ತ ಮುಗದಿತ್ತು. ಕಡಿಗೆ ಚಿಮ್ಮಡಕ್ಕ ಗಾಡಿ ತಿರಗಿಸಿ, ಹಾದಿ ಮ್ಯಾಲಿನ ಒಂದು ತ್ವಾಟದ ಮನ್ಯಾಗ ಗುರುತಿಲ್ಲದ ಹೆಣ್ಣಮಗಳ ಮುಂದ ಕೈಯೊಡ್ಡಿ ನಿಂತೆ. "ಬಸರಿ ಮಗಳಿಗ್ರಿ ಅವ್ವಾ" ಅಂದೆ. ಆಕಿ ಏನೂ ಕೇಳಲಿಲ್ಲ, ಆಗಿಂದಾಗ ಒಲಿ ಹೊತ್ತಿಸಿ ಎರಡು ರೊಟ್ಟಿ ಬಡದು, ಅರವಿಯಾಗ ಸುತ್ತಿ, ಬೆಣ್ಣಿ ಉಂಡಿ ಇಟ್ಟ ಕೊಟ್ಲು.

ಎದಿಗೆ ಅವಚಿಕೊಂಡು ಬಂದೆ. ಇನ್ನಾ ಬಿಸಿ ಇದ್ವು. ಬೀಗರ ಮಂದಿ ಎಲ್ಲಾ ಉಣ್ಣೂದ ಬಿಟ್ಟು ದಾರಿ ಕಾಕೋತ ಕುಂತಿತ್ತು. ಮಗಳು ಬೆಣ್ಣಿ ಸವರಿಕೊಂಡು ಎರಡೂ ರೊಟ್ಟಿ ತಿಂದು, ಕಣ್ಣ ಮುಚ್ಚಿ, "ತೀರ್ತಪ್ಪಾ" ಅಂದ್ಲು. ನನಗ ಅಳೂನ ಬಂತು. ಕೂಸಿನ ಕಿವಿ ಉಳದ್ವು, ನನ್ನ ಮಾನಾನೂ ಉಳೀತು ಅಂತ ಬೆವರ ಒರಸ್ಕೊಂಡು ಬೀಗ್ತಿಯವರ ಕಡೆ ನೋಡಿದೆ.

ಬೀಗ್ತಿಯವರು ಮೆಲ್ಲಕ ನನ್ನ ಹತ್ರ ಬಂದ್ರು. ಎಲ್ಲಾರಿಗೂ ಕೇಳೂವಂಗ, ಸಕ್ಕರಿಯಂಥಾ ದನಿಲೆ ಅಂದ್ರು:

"ಬೀಗರ, ಇನ್ನ ಮ್ಯಾಲೆ ಸಂಕೋಚ ಮಾಡಕೋಬ್ಯಾಡ್ರಿ. ಒಂದು ಫೋನ್ ಹಚ್ಚಿಬಿಡ್ರಿ. ನಮ್ಮ ಬೆಳಗಾವ್ಯಾಗ ರೊಟ್ಟೀನೂ ಸಿಗತಾವ."